ಮೇಲೂ ಬೆಂಕಿ, ಕೆಳಗೂ ಬೆಂಕಿ

ನಮ್ಮ ಕಡೆಯ ಅಡುಗೆ ಬಗ್ಗೆ ಬರೆಯುವವರಿಗೆ ಪತ್ರೊಡೆ ಅಂದರೆ ಪ್ರಾಣ. ಆಟಿ ತಿಂಗಳು ಬಂತೆಂದರೆ ಸಾಕು, ಕೆಸುವಿನ ಎಲೆಯ ಫೋಟೋ ಹಾಕದವರೇ ಇಲ್ಲ. ನಾನೂ ಹಾಕಿದ್ದೇನೆ, ಇಲ್ಲ ಅನ್ನುವುದಿಲ್ಲ. ಹಲಸಿನ ಹಣ್ಣಿನ ಕಡುಬು, ನೀರುದೋಸೆ, ಕಣಿಲೆ ಪಲ್ಯ, ಎಲ್ಲದರ ಬಗ್ಗೆಯೂ ಬರೆದು ಮುಗಿದಿದೆ. ಆದರೆ ಅದೇ ಬರೆಯುವವರು ಸಂಜೆ ಪೇಟೆಗೆ ಹೋಗಿ ಒಂದು ಪಫ್ಸ್ ತಿಂದು, ಒಂದು ಕಟ್ಟು ರಸ್ಕ್ ಹಿಡಿದುಕೊಂಡು ಬಂದದ್ದನ್ನು ಎಲ್ಲೂ ಬರೆಯುವುದಿಲ್ಲ. ಬೇಕರಿ ತಿಂಡಿ ಊರಿನ ತಿಂಡಿ ಅಲ್ಲ ಅಂತ ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮೈದಾ, ಡಾಲ್ಡಾ, ಸಕ್ಕರೆ, ಅಷ್ಟೇ ಅಲ್ವಾ ಅಂತ.

ನನಗೆ ಇದು ಒಪ್ಪಿಗೆಯಿಲ್ಲ. ಕಾಸರಗೋಡು ಅಂದರೆ ಎಂಥ ಊರು ಅಂತ ಹೊರಗಿನವರು ಕೇಳಿದರೆ ಬೇಕಲ ಕೋಟೆಗೆ ಆಮೇಲೆ ಕರಕೊಂಡು ಹೋಗುತ್ತೇನೆ. ಮೊದಲು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಒಂದು ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಲ್ಲಿಸುತ್ತೇನೆ.

ಮೇಲಿನ ಸಾಲಿನಲ್ಲಿ ನೇಂದ್ರ ಚಿಪ್ಸ್, ಬೆಲ್ಲ ಹಚ್ಚಿದ ಶರ್ಕರ ಉಪ್ಪೇರಿ. ಅದರ ಪಕ್ಕ ಕೋಳಿಕ್ಕೋಡಿನ ಹಲ್ವ, ಕಪ್ಪು, ಕೆಂಪು, ಹಸಿರು. ಕೆಳಗೆ ಮಂಗಳೂರಿನ ಖಾರ ಕಡ್ಡಿ, ತುಕ್ಕುಡಿ. ಬಿಸಿ ತಿಂಡಿಯ ಪೆಟ್ಟಿಗೆಯಲ್ಲಿ ಎಗ್ ಪಫ್ಸ್, ಉನ್ನಕ್ಕಾಯ, ಮಂಗಳೂರು ಬನ್ಸ್ ಮೂರೂ ಒಂದೇ ತಟ್ಟೆಯಲ್ಲಿ. ಫ್ರಿಜ್ಜಿನ ಮೇಲೆ ಗಲ್ಫಿನಿಂದ ಬಂದವರು ಅಭ್ಯಾಸ ಮಾಡಿಸಿದ ಕುಬ್ಬೂಸ್ ರೊಟ್ಟಿಯ ಪ್ಯಾಕೆಟ್. ಒಂದು ಮೂಲೆಯಲ್ಲಿ, ಅಷ್ಟೇನೂ ಚೆಂದ ಕಾಣದ, ಅಕ್ಕಿ ಬೆಲ್ಲದ, ಕಂದು ಬಣ್ಣದ ಕಲ್ತಪ್ಪ. ಬೋರ್ಡಿನಲ್ಲಿ ಮೇಲೆ ಮಲಯಾಳ, ಕೆಳಗೆ ಕನ್ನಡ. ಗಿರಾಕಿ ತುಳುವಿನಲ್ಲಿ ಕೇಳುತ್ತಾರೆ, ಒಳಗಿಂದ ಮಲಯಾಳದಲ್ಲಿ ಉತ್ತರ ಬರುತ್ತದೆ. ಚಿಲ್ಲರೆ ಇಲ್ಲ ಅನ್ನುವುದು ಮಾತ್ರ ಎಲ್ಲ ಭಾಷೆಯಲ್ಲೂ ಬರುತ್ತದೆ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತಾಡಿಯಾಗಿದೆ, ಅತ್ತೂ ಆಗಿದೆ. ಆದರೆ ಈ ಕಪಾಟಿನ ಮುಂದೆ ನಿಂತರೆ ಕಾಣುವ ಚರಿತ್ರೆ ಬೇರೆಯೇ. ಇಲ್ಲಿಂದ ಮಂಗಳೂರು ಒಂದು ಕಡೆ ಸುಮಾರು 50 ಕಿಲೋಮೀಟರು. ತಲಶ್ಶೇರಿ ಇನ್ನೊಂದು ಕಡೆ ನೂರು ದಾಟಿ ಸ್ವಲ್ಪ. ದಕ್ಷಿಣ ಭಾರತದ ಬೇಕರಿಯ ಎರಡು ದೊಡ್ಡ ದಾರಿಗಳು ಬಂದು ಸೇರುವುದು ನಮ್ಮ ಈ ಜಾಗದಲ್ಲಿ.

ಒಂದು ದಾರಿ ತಲಶ್ಶೇರಿಯದ್ದು. ಬರ್ಮಾದಲ್ಲಿ ಬಿಸ್ಕತ್ತು ಮಾಡುವ ಕೆಲಸ ಕಲಿತು ಬಂದ ಮಂಬಳ್ಳಿ ಬಾಪು 1880ರಲ್ಲಿ ಅಲ್ಲಿ ರಾಯಲ್ ಬಿಸ್ಕಟ್ ಫ್ಯಾಕ್ಟರಿ ಶುರು ಮಾಡಿದರು. 1883ರ ಕ್ರಿಸ್ಮಸ್ಸಿನ ಹೊತ್ತಿಗೆ ಅಂಜರಕಂಡಿಯ ತೋಟದ ಸಾಹೇಬ ಮರ್ಡಕ್ ಬ್ರೌನ್ ಇಂಗ್ಲೆಂಡಿನಿಂದ ಬಂದ ಪ್ಲಮ್ ಕೇಕ್ ತೋರಿಸಿ, ಇಂಥದ್ದು ಮಾಡಿಕೊಡು ಅಂದನಂತೆ. ಮಾಹೆಯಿಂದ ಫ್ರೆಂಚ್ ಬ್ರಾಂದಿ ತಂದು ಹಾಕು ಅಂತಲೂ ಹೇಳಿದನಂತೆ. ಬಾಪು ಬ್ರಾಂದಿಗೆ ಹೋಗದೆ, ಗೇರುಹಣ್ಣು ಮತ್ತು ಕದಳಿ ಬಾಳೆಹಣ್ಣಿನಿಂದ ಇಳಿಸಿದ ಊರಿನ ಸರಕನ್ನೇ ಹಾಕಿ ಕೇಕ್ ಮಾಡಿಕೊಟ್ಟರು ಅನ್ನುವುದು ಕತೆ. ಸಾಹೇಬನಿಗೆ ಹಿಡಿಸಿ, ಇನ್ನೂ ಒಂದು ಡಜನ್ ಬೇಕು ಅಂದನಂತೆ. ಭಾರತದವರೊಬ್ಬರು ಮಾಡಿದ ಮೊದಲ ಕ್ರಿಸ್ಮಸ್ ಕೇಕ್ ಅದು ಅಂತ ಕೇರಳದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂದಹಾಗೆ 1883 ಅಂದರೆ ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ ವರ್ಷ. ಎರಡಕ್ಕೂ ಏನೇನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಇನ್ನೊಂದು ದಾರಿ ಬೆಂಗಳೂರಿನದ್ದು. ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರುವಾಯಿತು. ಹಾಸನ ಕಡೆಯಿಂದ ಹೋದ ಅಯ್ಯಂಗಾರರು ಮೊಟ್ಟೆ ಮುಟ್ಟದೆಯೇ ಕೇಕ್ ಮಾಡಬಹುದು ಅಂತ ತೋರಿಸಿದರು. ಆಮೇಲೆ ಕರ್ನಾಟಕದ ಊರೂರಿಗೂ ಅಯ್ಯಂಗಾರ್ ಬೇಕರಿ ಬಂತು. ಖಾರ ಬನ್, ದಿಲ್‌ಪಸಂದ್, ಹನಿ ಕೇಕ್. ಹಾಗಾಗಿ ನಮ್ಮಲ್ಲಿ ಒಂದೇ ಕಪಾಟಿನ ಒಂದು ಬದಿಯಲ್ಲಿ ಮೊಟ್ಟೆಯನ್ನು ಇಡಿಯಾಗಿ ಹೊಟ್ಟೆಯಲ್ಲಿಟ್ಟುಕೊಂಡ ಪಫ್ಸ್, ಇನ್ನೊಂದು ಬದಿಯಲ್ಲಿ ಮೊಟ್ಟೆಯ ಸುದ್ದಿಯೇ ಬೇಡ ಅನ್ನುವ ಹನಿ ಕೇಕ್. ಇದು ತಲಶ್ಶೇರಿಯಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ, ಚಿಕ್ಕಪೇಟೆಯಲ್ಲಿ ಕೇಳಲೇಬೇಡಿ.

ನನ್ನ ಅಜ್ಜಿಗೆ ಬೇಕರಿ ಅಂದರೆ ಮೊಟ್ಟೆ. ಬ್ರೆಡ್ಡಿನಲ್ಲಿ ಮೊಟ್ಟೆ ಇಲ್ಲ ಅಂತ ಎಷ್ಟು ಹೇಳಿದರೂ ನಂಬಿಕೆಯಿಲ್ಲ. ಆದರೆ ಮಕ್ಕಳಿಗೆ ಜ್ವರ ಬಂದರೆ ಮಾತ್ರ ಬ್ರೆಡ್ಡಿಗೆ ಅಡ್ಡಿಯಿಲ್ಲ. ಆಗ ಅದು ಮದ್ದು. ಹಾಗಾಗಿ ನಮ್ಮ ಮನೆಯಲ್ಲಿ ಜ್ವರ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು. ಮೊಟ್ಟೆಯಿಲ್ಲದ ಕೇಕ್ ಪೇಟೆಗೆ ಬಂದ ಮೇಲೆ ಅಜ್ಜಿಯೂ ಒಂದು ತುಂಡು ಬಾಯಿಗೆ ಹಾಕಿ, "ಒಣಕ್ಕಲಾಯಿತು, ತುಪ್ಪ ಸಾಲದು" ಅಂದರು. ಸರಿಯಾದ ವಿಮರ್ಶೆ. ಈಗಲೂ ಅನೇಕ ಹನಿ ಕೇಕುಗಳಿಗೆ ಅದೇ ಮಾತು ಸಲ್ಲುತ್ತದೆ.

ಈಗ ಕಪಾಟು ಬಿಟ್ಟು ಹಿಂದಕ್ಕೆ ಹೋಗೋಣ. ನಿಜವಾದ ವಿಷಯ ಇರುವುದು ಅಲ್ಲಿ.

ಕಟ್ಟಿಗೆಯ ಬೋರ್ಮ, ಅಂದರೆ ಬೇಕರಿಯ ಇಟ್ಟಿಗೆ ಒಲೆ, ಉಳಿಸಿಕೊಂಡಿರುವ ಒಂದು ಹಳೆಯ ಬೇಕರಿ ನಮ್ಮ ಕಡೆ ಇದೆ. ಎಲ್ಲಿ ಅಂತ ಬರೆದರೆ ಅದರ ಯಜಮಾನರು ಕಾಕ ಬೈಯುತ್ತಾರೆ. "ಇದ್ದ ಗಿರಾಕಿಗಳಿಗೇ ಕೊಡಲಿಕ್ಕೆ ಆಗುವುದಿಲ್ಲ, ಇನ್ನು ನೀವು ಬರೆದು ಜನ ಸೇರಿಸಬೇಡಿ ಅಕ್ಕ" ಅನ್ನುವುದು ಅವರ ಮಾತು. ಅವರ ತಂದೆ ಕಟ್ಟಿಸಿದ ಬೋರ್ಮ ಅದು. ಇಟ್ಟಿಗೆಯ ತಗ್ಗು ಗುಮ್ಮಟ, ಮುಂದೆ ಒಂದು ಸಣ್ಣ ಬಾಯಿ. ಬಗ್ಗಿ ನೋಡಿದರೆ ಹಿಂದಿನ ಗೋಡೆ ಕಾಣುವುದಿಲ್ಲ. ನೆಲದ ಹಂಚಿನ ಅಡಿಯಲ್ಲಿ ಮರಳು, ಉಪ್ಪು, ಒಡೆದ ಗಾಜಿನ ಚೂರು ತುಂಬಿದ್ದಾರೆ, ಬಿಸಿ ಹಿಡಿದಿಟ್ಟುಕೊಳ್ಳಲಿಕ್ಕೆ.

ಈ ಬೋರ್ಮದಲ್ಲಿ ಬೆಂಕಿಯ ಜಾಗ ಬೇರೆ, ಬೇಯಿಸುವ ಜಾಗ ಬೇರೆ ಅಂತ ಇಲ್ಲ. ಬೇಯಿಸುವ ಜಾಗದಲ್ಲೇ ಕಟ್ಟಿಗೆ ಪೇರಿಸಿ ಬೆಂಕಿ ಕೊಡುವುದು. ಹೆಚ್ಚಾಗಿ ರಬ್ಬರಿನ ಕಟ್ಟಿಗೆ, ಸಿಕ್ಕಿದರೆ ಗೇರು. ಗಂಟೆಗಟ್ಟಲೆ ಉರಿದ ಮೇಲೆ ಕೆಂಡವನ್ನೆಲ್ಲ ಹೊರಗೆ ಎಳೆದು, ಉದ್ದ ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಚುಂಯ್ ಅಂತ ಹಬೆ ಏಳುತ್ತದೆ. ಅಲ್ಲಿಗೆ ಬೆಂಕಿಯ ಕೆಲಸ ಮುಗಿಯಿತು. ಇನ್ನು ಬೇಯಿಸುವುದು ಇಟ್ಟಿಗೆ ಕುಡಿದ ಬಿಸಿ. ಅದು ಮೇಲಿನಿಂದ, ಕೆಳಗಿನಿಂದ, ಬದಿಯಿಂದ ಒಟ್ಟಿಗೆ ಬರುತ್ತದೆ.

ಥರ್ಮಾಮೀಟರ್ ಗಿರ್ಮಾಮೀಟರ್ ಏನೂ ಇಲ್ಲ. ಕಾಕ ಒಂದು ಚಿಟಿಕೆ ಮೈದಾ ಒಳಗೆ ಎಸೆಯುತ್ತಾರೆ. ಬಿದ್ದ ಕೂಡಲೇ ಕಪ್ಪಾದರೆ ಕಾಯಬೇಕು. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಬನ್ ಹಾಕಬಹುದು. ಬನ್ನಿನ ಹಿಟ್ಟು ಅಷ್ಟರಲ್ಲಿ ಉಬ್ಬಿ ತಯಾರಾಗಿರುತ್ತದೆ. ಕೆಲಸದವರು ಎರಡು ಕೈಯಲ್ಲಿ ಎರಡು ಉಂಡೆ ಒಟ್ಟಿಗೆ ಉರುಟು ಮಾಡುವುದನ್ನು ನೋಡಬೇಕು. ಬಲಗೈ ಒಂದು ಕಡೆ ತಿರುಗುತ್ತದೆ, ಎಡಗೈ ಇನ್ನೊಂದು ಕಡೆ. ಹಲಗೆಯ ಮೇಲೆ ಉಂಡೆ ಬಿದ್ದದ್ದೂ ಗೊತ್ತಾಗುವುದಿಲ್ಲ, ಉರುಟಾದದ್ದೂ ಗೊತ್ತಾಗುವುದಿಲ್ಲ. ನಾನು ಒಂದು ಮಾಡಿ ನೋಡಿದೆ. ಅದನ್ನು ಕಾಕ ಸದ್ದಿಲ್ಲದೆ ತೆಗೆದು ಮತ್ತೆ ಹಿಟ್ಟಿನ ರಾಶಿಗೆ ಸೇರಿಸಿದರು.

ತಟ್ಟೆಗಳನ್ನು ಒಳಗೆ ತಳ್ಳಲಿಕ್ಕೆ ದೋಣಿಯ ಹುಟ್ಟಿನಂಥ ಉದ್ದ ಹಲಗೆ. ಮೊದಲು ಬನ್ ಮತ್ತು ಬ್ರೆಡ್, ಯಾಕೆಂದರೆ ಅವಕ್ಕೆ ಜೋರು ಬಿಸಿ ಬೇಕು. ಅವು ಹೊರಗೆ ಬರುವಾಗ ಬೋರ್ಮ ಸ್ವಲ್ಪ ತಣ್ಣಗಾಗಿರುತ್ತದೆ, ಆಗ ಕೇಕ್. ಇನ್ನೂ ಇಳಿದ ಮೇಲೆ ಬಿಸ್ಕತ್ತು. ಕೊನೆಗೆ ಕೈ ಒಳಗಿಟ್ಟರೂ ಸುಡದಷ್ಟು ಬಿಸಿ ಉಳಿದಾಗ ರಸ್ಕ್. ಬೇಯಿಸಿ ಆರಿಸಿದ ಬ್ರೆಡ್ಡನ್ನು ಕೊಯ್ದು ಒಳಗಿಟ್ಟು ಬಾಯಿ ಮುಚ್ಚಿದರೆ ಬೆಳಗಾಗುವಾಗ ಅದರ ನೀರಿನ ಅಂಶವೆಲ್ಲ ಹೋಗಿರುತ್ತದೆ. ಒಂದು ಸಲ ಹಾಕಿದ ಬೆಂಕಿಯಲ್ಲಿ ಇಷ್ಟೆಲ್ಲ ಆಗುತ್ತದೆ. ಒಂದು ಗೆರಟೆಯಷ್ಟು ಬಿಸಿಯೂ ಹಾಳಾಗುವುದಿಲ್ಲ. ಹಳೆಯ ಬೇಕರಿಗಳಲ್ಲಿ ಬನ್ನು, ಕೇಕು, ಬಿಸ್ಕತ್ತು, ರಸ್ಕು ಈ ನಾಲ್ಕೂ ಯಾಕೆ ಯಾವಾಗಲೂ ಒಟ್ಟಿಗೇ ಇರುತ್ತವೆ ಅಂತ ಅಂಗಡಿಯ ಮುಂದೆ ನಿಂತರೆ ತಿಳಿಯುವುದಿಲ್ಲ. ಗಿರಾಕಿಗಳ ರುಚಿಗಿಂತ ಜಾಸ್ತಿ ಅದು ಇಳಿಯುವ ಬಿಸಿಯ ಲೆಕ್ಕ.

ಕರೆಂಟಿನ ಓವನ್ನಿನಲ್ಲಿ ಈ ಲೆಕ್ಕ ಬೇಕಾಗುವುದಿಲ್ಲ. ಬೇಕಾದಷ್ಟು ಬಿಸಿ, ಬೇಕಾದ ಹೊತ್ತಿಗೆ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೊಗೆ ಕುಡಿದು, ಬೆವರು ಸುರಿಸಿ, ರಾತ್ರಿ ನಿದ್ದೆ ಬಿಟ್ಟು ದುಡಿಯುವವರಿಗೆ ಅದು ಸುಖವೇ. ರುಚಿಯ ಬಗ್ಗೆ ಮಾತ್ರ ಹೇಳುತ್ತೇನೆ. ಬೋರ್ಮದ ಬನ್ನಿನ ತಳ ಸ್ವಲ್ಪ ದಪ್ಪ, ಅಲ್ಲಲ್ಲಿ ಕಪ್ಪು ಚುಕ್ಕೆ, ಹರಿದರೆ ನಾರು ನಾರಾಗಿ ಬಿಡುತ್ತದೆ. ರಸ್ಕು ಕಟ್ಟನ್ ಚಾಯದಲ್ಲಿ ಅದ್ದಿದರೆ ಕೂಡಲೇ ಕರಗಿ ತಳಕ್ಕೆ ಹೋಗುವುದಿಲ್ಲ, ಬಾಯಿವರೆಗೆ ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರಿನಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ. ಅಲ್ಲಿ ಡಬ್ಬಿಯೊಳಗೆ ಗರಿಗರಿಯಾಗಿ ಕೂತಿರುವ ರಸ್ಕಿಗೆ ನನ್ನ ಮರ್ಯಾದೆ ಇದೆ.

ಈ ಬೋರ್ಮ ನೋಡಿ ಮನೆಗೆ ಬಂದ ಮೇಲೆ ನನಗೆ ಹೊಳೆದ ಸಂಗತಿ ಒಂದಿದೆ. ಮೈದಾ ಹೊರಗಿನಿಂದ ಬಂದದ್ದು, ಹೌದು. ನಮ್ಮ ಕರಾವಳಿಯಲ್ಲಿ ಗೋಧಿ ಬೆಳೆಯುವುದಿಲ್ಲ. ತೆಂಕಣದಿಂದ ಬಂದ ರೈಲು 1907ರಲ್ಲಿ ಮಂಗಳೂರು ಮುಟ್ಟಿತು. 1960ರ ದಶಕದಲ್ಲಿ ಅಕ್ಕಿಗೆ ತತ್ವಾರ ಬಂದು ರೇಷನ್ ಅಂಗಡಿಯಲ್ಲಿ ಅಮೆರಿಕದ ಗೋಧಿ ಕೊಟ್ಟ ಕಾಲವನ್ನು ಹಿರಿಯರು ಈಗಲೂ ಮುಖ ಹುಳಿ ಮಾಡಿಕೊಂಡು ನೆನೆಯುತ್ತಾರೆ. ಹಿಟ್ಟು ಹೊಸದು, ಒಪ್ಪಿದೆ. ಆದರೆ ಮೇಲೆ ಕೆಳಗೆ ಎರಡೂ ಕಡೆಯಿಂದ ಬಿಸಿ ಕೊಟ್ಟು ಬೇಯಿಸುವ ವಿದ್ಯೆ? ಅದಕ್ಕೆ ನಾವು ಯಾವ ಸಾಹೇಬನನ್ನೂ ಕಾದು ಕೂತಿರಲಿಲ್ಲ.

ಕಲ್ತಪ್ಪವನ್ನೇ ತೆಗೆದುಕೊಳ್ಳಿ. ಕಾಸರಗೋಡು, ಕಣ್ಣೂರು ಕಡೆಯ ಮಾಪಿಳ್ಳೆ ಮನೆಗಳಲ್ಲಿ ಇದು ಗಂಟಲಿಗೂ ಗೊತ್ತು, ಕೈಗೂ ಗೊತ್ತು. ಬೆಳ್ತಿಗೆ ಅಕ್ಕಿ ನೆನೆಸಿ, ಒಂದು ಹಿಡಿ ಅನ್ನ ಸೇರಿಸಿ ನುಣ್ಣಗೆ ಕಡೆಯಬೇಕು. ಬೆಲ್ಲ ಕರಗಿಸಿ, ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿಯಬೇಕು. ತಣ್ಣಗಿನ ಪಾಕ ಹಾಕಿದರೆ ಆಗುವುದಿಲ್ಲ, ಕಲ್ತಪ್ಪ ಕಲ್ಲಪ್ಪ ಆಗುತ್ತದೆ. ಸ್ವಲ್ಪ ಜೀರಿಗೆ, ಒಂದು ಚಿಟಿಕೆ ಸೋಡ. ದಪ್ಪ ತಳದ ಉರುಳಿಯಲ್ಲಿ ತೆಂಗಿನೆಣ್ಣೆ ಕಾಯಿಸಿ ಸಣ್ಣ ನೀರುಳ್ಳಿ, ತೆಂಗಿನ ಚೂರು ಕೆಂಪಗೆ ಹುರಿದು, ಅದರ ಮೇಲೆಯೇ ಹಿಟ್ಟು ಹೊಯ್ಯುವುದು. ಮುಚ್ಚಳ ಮುಚ್ಚಿ, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಗೆರಟೆಯ ಕೆಂಡ. ಬೆಂದ ಮೇಲೆ ಕೊಯ್ದರೆ ಒಳಗೆಲ್ಲ ತಳದಿಂದ ನೆತ್ತಿಗೆ ಏರಿದ ಸಣ್ಣ ಸಣ್ಣ ಕೊಳವೆಗಳು. ಬೆಲ್ಲದ ಸಿಹಿಯ ನಡುವೆ ಹುರಿದ ನೀರುಳ್ಳಿ ಸಿಗುತ್ತದೆ. ಮೊದಲ ಸಲ ತಿನ್ನುವವರು ಒಮ್ಮೆ ಮುಖ ನೋಡಿ, ಆಮೇಲೆ ಎರಡನೇ ತುಂಡಿಗೆ ಕೈ ಹಾಕುತ್ತಾರೆ.

ನಮ್ಮ ಮನೆಗಳಲ್ಲಿ ಇದಕ್ಕೆ ದಾಯಾದಿ ಒಂದಿತ್ತು, ಕೆಂಡದಡ್ಯೆ. ಅಕ್ಕಿ ತರಿ, ಬೆಲ್ಲ, ತೆಂಗಿನಕಾಯಿ, ಜತೆಗೆ ಹಲಸಿನ ಹಣ್ಣೋ ಸೌತೆಕಾಯಿ ತುರಿಯೋ. ಉರುಳಿಗೆ ಬಾಡಿಸಿದ ಬಾಳೆಲೆ ಹಾಸಿ ಹಿಟ್ಟು ಸುರಿದು, ಮೇಲೂ ಎಲೆ ಮುಚ್ಚಿ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಕೆಂಡ. ಎಲೆ ಕರಟಿದ ವಾಸನೆ ಹಿಟ್ಟಿಗೆ ಇಳಿಯುತ್ತದೆ. ಅಂಚಿನ ತುಂಡಿಗೆ ಮಕ್ಕಳ ಜಗಳ. ನೀರುಳ್ಳಿ ಮಾತ್ರ ಅಜ್ಜಿಯ ಅಡ್ಯೆಗೆ ಬೀಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಎರಡು ಮನೆಯವರು ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡದ ಕಾಲದಲ್ಲೂ ಮುಚ್ಚಳದ ಮೇಲೆ ಕೆಂಡ ಇಡುವುದು ಇಬ್ಬರಿಗೂ ಗೊತ್ತಿತ್ತು. ಈಗ ಒಲೆಯೇ ಇಲ್ಲ, ಕೆಂಡ ಎಲ್ಲಿಂದ ತರುವುದು? ಅಡ್ಯೆ ಮನೆಯಿಂದ ಹೆಚ್ಚುಕಮ್ಮಿ ಹೋಗಿಯೇ ಬಿಟ್ಟಿದೆ. ಕಲ್ತಪ್ಪ ಜಾಣ. ಅದು ಕುಕ್ಕರಿಗೆ ಒಗ್ಗಿಕೊಂಡಿತು, ಆಮೇಲೆ ಬೇಕರಿಯ ಕಪಾಟಿಗೆ ಹೋಗಿ ಕೂತಿತು. ಹಾಗಾದರೆ ಬೇಕರಿ ಊರಿನ ಅಡುಗೆಯನ್ನು ಕೊಂದಿತೋ ಉಳಿಸಿತೋ? ಕೊಂದಿತು ಅನ್ನುವವರು ಕೆಂಡದಡ್ಯೆ ಮಾಡಿ ತೋರಿಸಲಿ, ನಾನೇ ಬಂದು ತಿನ್ನುತ್ತೇನೆ.

ಹಬ್ಬ ಬಂದಾಗ ಬೇಕರಿಯ ಮುಖವೇ ಬದಲಾಗುತ್ತದೆ. ಉಪವಾಸದ ತಿಂಗಳಲ್ಲಿ ಸಂಜೆಯ ಹೊತ್ತು ಬೇಕರಿಗಳ ಮುಂದೆ ಮೇಜು ಹಾಕಿ ಸಮೋಸ, ಕಟ್ಲೆಟ್, ಇರಚ್ಚಿ ಪತ್ತಿರಿ ರಾಶಿ ಹಾಕುತ್ತಾರೆ. ಮಸೀದಿಯಲ್ಲಿ ಬಾಂಗ್ ಆಗುವ ಅರ್ಧ ಗಂಟೆ ಮೊದಲು ನೂಕುನುಗ್ಗಲು. ಅದರಲ್ಲಿ ಉಪವಾಸ ಇಲ್ಲದವರೂ ಸಾಕಷ್ಟು ಇರುತ್ತಾರೆ, ನನ್ನನ್ನೂ ಸೇರಿಸಿ. ಡಿಸೆಂಬರಿನಲ್ಲಿ ಬೇಳದ ಇಗರ್ಜಿಯ ಸುತ್ತಮುತ್ತ, ಮಂಜೇಶ್ವರದ ಕಡೆ, ಕೊಂಕಣಿ ಮನೆಗಳಿಂದ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಬರುತ್ತದೆ. ಕಿಡಿಯೊ, ನೆವ್ರಿ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನ ಕುಕ್ಕಿಸ್. ನಮ್ಮ ನೆರೆಯ ಬಾಯಮ್ಮ ಕೊಡುತ್ತಿದ್ದ ರವೆ ಕೇಕಿನ ಮುಂದೆ ಬೇಕರಿಯ ಪ್ಲಮ್ ಕೇಕನ್ನು ನಾನು ಪಕ್ಕಕ್ಕೆ ಇಡುತ್ತೇನೆ. ಸುಟ್ಟ ಸಕ್ಕರೆಯ ಕಪ್ಪು, ಚೆರ್ರಿಯ ಕೆಂಪು, ಅತಿ ಸಿಹಿ. ಹೆಚ್ಚಿನ ಬೇಕರಿಗಳ ಪ್ಲಮ್ ಕೇಕ್ ಇಷ್ಟೇ. ತಲಶ್ಶೇರಿಯ ಬಾಪು ಬಂದು ತಿಂದರೆ ಏನನ್ನುತ್ತಿದ್ದರೋ.

ಮಧೂರು ಗಣಪತಿ ದೇವಸ್ಥಾನದ ಪ್ರಸಾದ ಅಪ್ಪ ಬೋರ್ಮದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕರಿಯುವುದು, ಬೆಂಕಿ ಕೆಳಗೆ ಮಾತ್ರ. ಆದರೂ ಬಿಡಲಿಕ್ಕೆ ಮನಸ್ಸಿಲ್ಲ. ಗಣಪತಿಯ ದೊಡ್ಡ ಮೂರ್ತಿಯೇ ಮುಚ್ಚಿಹೋಗುವಷ್ಟು ಅಪ್ಪ ಸುರಿಯುವ ಮೂಡಪ್ಪ ಸೇವೆ 1992ರಲ್ಲಿ ಆಗಿತ್ತು, ಮತ್ತೆ ಆದದ್ದು 2025ರಲ್ಲಿ. ಊರಿನವರ ತಿಂಡಿಯ ಆಸೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ರಾತ್ರಿಯಿಡೀ ಆಟ ನೋಡುವಾಗಲೂ ಅಷ್ಟೇ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನಾವು, ಭಾಗವತರ ಪದಕ್ಕೆ ತಲೆದೂಗುತ್ತಲೇ ನಡುರಾತ್ರಿ ಎದ್ದು ಹೋಗಿ ಚಾ ಮತ್ತು ಬನ್ ಮುಗಿಸಿ ಬರುತ್ತೇವೆ. ಪಾರ್ತಿಸುಬ್ಬನ ಕಾಲದಲ್ಲಿ ಬನ್ ಇರಲಿಲ್ಲ ಬಿಡಿ, ಪಾಪ.

ಗೋಡಂಬಿ ಬಿಸ್ಕತ್ತಿನ ಮಾತು ಬಂದರೆ ನನ್ನ ಉತ್ಸಾಹ ಸ್ವಲ್ಪ ಇಳಿಯುತ್ತದೆ. ಎಣ್ಮಕಜೆಯೂ ಸೇರಿ ಇಲ್ಲಿನ ಎಷ್ಟೋ ಗುಡ್ಡಗಳ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಜನ ಇನ್ನೂ ಹಾಸಿಗೆಯಲ್ಲೇ ಇದ್ದಾರೆ, ನೋಡಿಕೊಳ್ಳುವ ತಾಯಂದಿರಿಗೆ ಈಗ ವಯಸ್ಸಾಗಿದೆ. ಊರಿನ ತಿಂಡಿಯನ್ನು ಹೊಗಳುತ್ತಾ ಇದನ್ನು ಬರೆಯದೆ ಮುಂದೆ ಹೋಗಲಿಕ್ಕೆ ನನ್ನಿಂದ ಆಗುವುದಿಲ್ಲ.

2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನೆನಪಿರಬಹುದು. ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಜನ ಒದ್ದಾಡಿದ ದಿನಗಳು. ಅದರ ಮುಂದೆ ಬ್ರೆಡ್ಡು ಏನೂ ದೊಡ್ಡದಲ್ಲ. ಆದರೂ ಹೇಳುತ್ತೇನೆ: ಮಂಗಳೂರಿನ ಬ್ರೆಡ್ ವ್ಯಾನು ನಿಂತಾಗ ನಮಗೆ ಕಾಕನ ಬೋರ್ಮವೇ ಗತಿಯಾಯಿತು. ಪ್ಯಾಕೆಟ್ ಬ್ರೆಡ್ಡು ಬಿಟ್ಟು ಬೇರೆ ಮುಟ್ಟದ ಮನೆಯವರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತರು. ಅದರಲ್ಲಿ ಕೆಲವರು ಈಗಲೂ ಬರುತ್ತಾರೆ. ಉಳಿದವರು ವ್ಯಾನು ಬಂದ ದಿನವೇ ಮರೆತರು. ಅದಕ್ಕೆ ಕಾಕನಿಗೆ ಬೇಜಾರಿಲ್ಲ. ಅವರಿಗೆ ಬೇಜಾರಿರುವುದು ಕಟ್ಟಿಗೆಯ ರೇಟಿನ ಬಗ್ಗೆ.

ಕಾಕನ ಮಗ ಗಲ್ಫಿನಲ್ಲಿ ಹೋಟೆಲಿನ ಬೇಕರಿಯಲ್ಲಿ ಕೆಲಸ ಮಾಡಿ ಬಂದಿದ್ದಾನೆ. ಅಂಗಡಿಯ ಮುಂದಿನ ಭಾಗಕ್ಕೆ ಎ.ಸಿ. ಹಾಕಿಸಿ ಕ್ರೀಮ್ ಕೇಕ್, ಬ್ರೌನಿ ಇಟ್ಟಿದ್ದಾನೆ. ಅವನ ಕೈ ಒಳ್ಳೆಯದು. ಪಿಸ್ತಾ ಹಾಕಿದ ಒಂದು ಬಿಸ್ಕತ್ತು ಮಾಡುತ್ತಾನೆ, ಬೆಣ್ಣೆಯ ಜಾಗದಲ್ಲಿ ಬೆಣ್ಣೆಯೇ ಇರುವ ಬಿಸ್ಕತ್ತು, ಈ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಹಿಂದೆ ಬೋರ್ಮ, ಮುಂದೆ ಎ.ಸಿ. ಅಪ್ಪ ಮಗ ದಿನಾ ಜಗಳ. "ಇದನ್ನು ಒಡೆದು ಕರೆಂಟಿನದ್ದು ಹಾಕೋಣ" ಅಂತ ಮಗ. "ನಾನು ಹೋದ ಮೇಲೆ ಒಡಿ" ಅಂತ ಕಾಕ. ಮೊನ್ನೆ ಹೋದಾಗ ಮಗನೇ ಅದೇ ಬೋರ್ಮದಲ್ಲಿ ಕಲ್ತಪ್ಪ ಇಟ್ಟು ನೋಡುತ್ತಿದ್ದ. ಬಿಸ್ಕತ್ತಿನ ನಂತರ, ರಸ್ಕಿನ ಮೊದಲು, ಆ ಬಿಸಿಯಲ್ಲಿ. ಅಂಚು ಚೆನ್ನಾಗಿ ಬಂದಿತ್ತು, ನಡು ಇನ್ನೂ ಸ್ವಲ್ಪ ಹಸಿ. "ಪಾಕ ಕುದಿಯುವಾಗ ಹಾಕಿದೆಯಾ?" ಅಂತ ಕಾಕ ಕೇಳಿದರು. ಅವನು ಮಾತಾಡಲಿಲ್ಲ.

ನೀವು ಈ ಕಡೆ ಬಂದರೆ ಬೇಕರಿಗೆ ಬೆಳಿಗ್ಗೆ ಹೋಗಬೇಡಿ, ಆಗ ಇರುವುದು ರಾತ್ರಿಯ ಉಳಿಕೆ. ಮೂರು ಗಂಟೆಯ ನಂತರ ಹೋಗಿ. ಶುಕ್ರವಾರ ಕಲ್ತಪ್ಪ ಬೇಗ ಖಾಲಿಯಾಗುತ್ತದೆ. ಸಿಕ್ಕಿದರೆ ಅಂಚಿನ ತುಂಡು ಕೇಳಿ, ನಡುವಿನದ್ದು ಕೊಟ್ಟರೆ ಬೇಡ ಅನ್ನಿ. ರಸ್ಕ್ ಬೇಕಾದರೆ ಎದುರಿಗೆ ನೇತಾಡುವ ಪ್ಯಾಕೆಟ್ಟನ್ನು ನೋಡಬೇಡಿ, ಹಿಂದೆ ತಗಡಿನ ಡಬ್ಬಿಯಲ್ಲಿ ಬೇರೆ ಇರುತ್ತದೆ. ಕೇಳಿದವರಿಗೆ ಮಾತ್ರ ಕೊಡುತ್ತಾರೆ.